ಗೈಬುಸಾಬ ಓಡಿಸಿದ ಎಲುಬಿನ ಗಿರಣಿ

ಮುದ್ದೇಬಿಹಾಳದ ಮಾಮಲೇದಾರ ಕಚೇರಿಯ ಎದುರಿಗೆ, ಬೇವಿನ ಮರದ ಬುಡದಲ್ಲಿ ತಗಡಿನ ಪೆಟ್ಟಿಗೆ ಮುಂದಿಟ್ಟುಕೊಂಡು ಅರ್ಜಿ ಬರೆಯುತ್ತಿದ್ದ ಗೈಬುಸಾಬ ಯಾರನ್ನೂ ನಂಬುವ ಮನುಷ್ಯನಲ್ಲ. ಚಹಾದಂಗಡಿಯವನು ಕಪ್ಪು ಇಟ್ಟು ಹೋದರೆ ಮೊದಲು ಅದರ ತಳ ನೋಡುತ್ತಿದ್ದ. ಯಾರಾದರೂ ಸಲಾಂ ಅಂದರೆ, ಇವನಿಗೆ ನನ್ನಿಂದ ಏನಾಗಬೇಕಾಗಿದೆ ಎಂದು ಲೆಕ್ಕ ಹಾಕಿ ಆಮೇಲೆ ಕೈ ಎತ್ತುತ್ತಿದ್ದ. "ನಿಕಾ ದಿನಾ ಕಾಜಿ ಕೇಳಿದಾಗ ಸುದ್ದಾ ಹೂಂ ಅನ್ನಾಕ ತಡಾ ಮಾಡಿದ ಮನಶ್ಯಾ" ಎಂದು ಹೆಂಡತಿ ಮಾಬುಬಿ ನೆರೆಹೊರೆಯವರ ಮುಂದೆ ಹೇಳಿ ನಗುತ್ತಿದ್ದಳು.

ಅದು ಪೂರ್ತಿ ಅವನ ತಪ್ಪೂ ಅಲ್ಲ. ಇಪ್ಪತ್ತೈದು ವರ್ಷ ಜನರ ಗೋಳು ಕೇಳಿದವನು. ಬದು ಒತ್ತಿದವನೇ ಬದು ಹೋಯಿತೆಂದು ಅಳುತ್ತಾ ಬಂದದ್ದನ್ನು ಕಂಡವನು. ಹೇಳುವುದರಲ್ಲಿ ಅರ್ಧ ಸುಳ್ಳು, ಹೇಳದೇ ಬಿಟ್ಟದ್ದರಲ್ಲಿ ಪೂರ್ತಿ ನಿಜ ಎಂಬುದು ಅವನು ಆ ಮರದ ಕೆಳಗೆ ಕಲಿತ ವಿದ್ಯೆ.

ಬರೆಯುವುದರಲ್ಲಿ ಮಾತ್ರ ಅವನನ್ನು ಸರಿಗಟ್ಟುವವರು ಆ ಸೀಮೆಯಲ್ಲೇ ಇರಲಿಲ್ಲ. ಅವನ ಅರ್ಜಿಗೆ ಮೂರು ಭಾಗ. ಮೊದಲು ಗೋಳು, ಆಮೇಲೆ ಕಾಯ್ದೆ, ಕೊನೆಗೆ ದಾರಿ. "ಸಾಹೇಬಗ ನಿಮ್ಮ ಗೋಳು ಬೇಕಾಗಿಲ್ಲ, ಅಂವನ ಮನ್ಯಾಗ ಬೇಕಾದಷ್ಟ ಇರ್ತೈತಿ. ಏನ ಮಾಡಬೇಕು ಅನ್ನೂದನ್ನ ನೀವ ಬರದುಕೊಟ್ರ ಸಹಿ ಹಾಕ್ತಾನ" ಎನ್ನುತ್ತಿದ್ದ. ದಾರಿ ತೋರಿಸದ ಅರ್ಜಿ ಮರಳಿ ಬರುತ್ತದೆ ಎಂಬುದು ಅವನ ಅನುಭವ. ಬರೆದ ಪ್ರತಿಯೊಂದರ ಕರಡನ್ನೂ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಿದ್ದ. ನಾಳೆ ಯಾರಾದರೂ ಬಂದು, ನಾನು ಹೇಳಿದ್ದೊಂದು ನೀ ಬರೆದದ್ದೊಂದು ಎಂದರೆ ಸಾಕ್ಷಿ ಬೇಕಲ್ಲ.

ಸಾವಿರದ ಒಂಬೈನೂರಾ ಐವತ್ತೇಳರಲ್ಲಿ ಸೊಲ್ಲಾಪುರದ ಕಡೆಯಿಂದ ಬಸಂತರಾಯ ಎಂಬ ವ್ಯಾಪಾರಿ ಬಂದು ಊರ ಅಂಚಿನಲ್ಲಿ ಎಲುಬಿನ ಗಿರಣಿ ಹಾಕಿದ. ಸತ್ತ ದನಗಳ ಎಲುಬನ್ನು ಹಳ್ಳಿಹಳ್ಳಿಯಿಂದ ಗಾಡಿಯಲ್ಲಿ ತರಿಸಿ, ಬಯಲಲ್ಲಿ ಒಣಹಾಕಿ, ಎಂಜಿನ್ನಿನಿಂದ ಪುಡಿ ಮಾಡಿ ಗೊಬ್ಬರಕ್ಕೆ ಕಳಿಸುವ ಧಂದೆ. ಬಿಸಿಲಿಗೆ ಹೇಗೋ ನಡೆಯಿತು. ಮಳೆ ಬಿದ್ದ ಮೇಲೆ ಊರು ಮೂಗು ಮುಚ್ಚಿಕೊಂಡಿತು. ಸಂಜೆ ಮೇಯ್ದು ಬರುವ ದನಗಳು ಆ ಬಯಲಿನ ಹತ್ತಿರ ನಿಂತು, ಮಣ್ಣು ಕೆದರಿ, ಕರುಳು ಕಿತ್ತು ಬರುವಂತೆ ಕೂಗುತ್ತಿದ್ದವು. ಒಂದು ಸೋಮವಾರ ಬೆಳಿಗ್ಗೆ ಸುಂದರವ್ವ ಎಂಬ ಮುದುಕಿಯ ಹೊಸ್ತಿಲ ಮೇಲೆ, ಬಳಿದ ಸಾರಣೆಯ ನಡುವೆ, ನಾಯಿಯೊಂದು ಎತ್ತಿನ ಕೋಡು ತಂದು ಇಟ್ಟು ಹೋಯಿತು. ಊರು ಸಿಟ್ಟಿಗೆದ್ದು ಗೈಬುಸಾಬನ ಪೆಟ್ಟಿಗೆಯ ಸುತ್ತ ಬಂದು ನಿಂತಿತು.

ಗೈಬುಸಾಬ ಮೂರು ದಿನ ಕೂತು ಬರೆದ. ಗೋಳಿಗೆ ಸುಂದರವ್ವನ ಹೊಸ್ತಿಲಿತ್ತು. ಕಾಯ್ದೆಗೆ, ಊರ ಹದ್ದಿನೊಳಗೆ ನಾರುವ ಧಂದೆಗೆ ಪರವಾನಗಿ ಇಲ್ಲವೆಂಬ ಮುನಸಿಪಾಲಿಟಿಯ ನಿಯಮವಿತ್ತು. ದಾರಿಗೆ ಒಂದು ಬರಡು ಜಾಗ ಬೇಕಾಗಿತ್ತು. ಪೆಟ್ಟಿಗೆಯ ಹಳೆಯ ಕರಡುಗಳನ್ನು ತಿರುವಿ, ಯಾವುದೋ ಕಾಲದಲ್ಲಿ ಯಾರಿಗೋ ಕಂದಾಯ ಕಡಿಮೆ ಮಾಡಿಸಲು ಬರೆದುಕೊಟ್ಟ ಅರ್ಜಿಯೊಂದನ್ನು ತೆಗೆದ. ಪಕ್ಕದ ಬಾಗೇವಾಡಿ ತಾಲೂಕಿನ ಒಂದು ಗಾಯರಾಣದ, ಅಂದರೆ ದನ ಮೇಯಲು ಬಿಟ್ಟ ಸರಕಾರಿ ಬಯಲಿನ, ವರ್ಣನೆ ಅದರಲ್ಲಿತ್ತು. "ಹುಲ್ಲು ಹುಟ್ಟದ, ನರಮನುಷ್ಯರು ಸುಳಿಯದ, ಯಾವ ಉಪಯೋಗಕ್ಕೂ ಬಾರದ" ಎಂಬ ಆ ಸಾಲನ್ನು, ಊರು ಮತ್ತು ಸರ್ವೆ ನಂಬರಿನ ಸಮೇತ ಎತ್ತಿ ಹೊಸ ಅರ್ಜಿಯಲ್ಲಿ ಇಳಿಸಿದ. ಗಿರಣಿ ಇಂಥ ಕಡೆ ಹೋದರೆ ಯಾರಿಗೂ ತೊಂದರೆಯಿಲ್ಲ ಎಂದು ಮುಗಿಸಿ, ಅಕ್ಷರ ಒಣಗಲಿ ಎಂದು ಮರಳು ಉದುರಿಸಿದ.

ಅರ್ಜಿ ಮೇಲಕ್ಕೆ ಹೋಗಿ, ಕೆಳಕ್ಕೆ ಬಂದು, ಮತ್ತೆ ಮೇಲಕ್ಕೆ ಹೋಗಿ, ಅರವತ್ತೆರಡರಲ್ಲಿ ಬಸಂತರಾಯನ ಪರವಾನಗಿ ರದ್ದಾಯಿತು. ಎಂಜಿನ್ನು, ತಗಡು, ತಕ್ಕಡಿ, ಕೊನೆಗೆ ಎಲುಬಿನ ಗುಡ್ಡ ಕೂಡ ಲಾರಿ ಹತ್ತಿದವು. ಜನ ಗೈಬುಸಾಬನ ಕೊರಳಿಗೆ ಹೂವಿನ ಹಾರ ಹಾಕಿದರು. ಹಾರ ಹಾಕಿದವನ ಮುಖವನ್ನೂ ಅವನು ಅನುಮಾನದಿಂದಲೇ ನೋಡಿದ. ಆದರೆ ಗಿರಣಿ ಎಲ್ಲಿಗೆ ಹೋಯಿತು ಎಂದು ಊರಲ್ಲಿ ಯಾರೂ ಕೇಳಲಿಲ್ಲ. ಎಲ್ಲದರಲ್ಲೂ ಹುಳುಕು ಹುಡುಕುವ ಗೈಬುಸಾಬನೂ ಕೇಳಲಿಲ್ಲ.

ಈ ನಡುವೆ, ಅರ್ಜಿ ಇನ್ನೂ ಮೇಲೆ ಕೆಳಗೆ ಓಡಾಡುತ್ತಿದ್ದಾಗ, ಅವನ ಒಬ್ಬಳೇ ಮಗಳು ಬಾನುಬಿಯ ಮದುವೆಯಾಗಿತ್ತು. ಹೂವಿನ ಹಿಪ್ಪರಗಿಯಿಂದ ಮೂರು ಮೈಲಿ ಒಳಗಿನ ಕಾರೀಕುಂಟಿ ಎಂಬ ಹಳ್ಳಿಯ ರೈತ ಮೋದಿನಸಾಬನ ಮಗ ಬಾಬುಲಾಲನಿಗೆ ಕೊಟ್ಟಿದ್ದರು. ಹೆಣ್ಣು ಕೊಡುವ ಮೊದಲು ಗೈಬುಸಾಬ ಮಾಡಿದ ತಪಾಸಣೆಯನ್ನು ಪೊಲೀಸರೂ ಮಾಡಲಾರರು. ಹೇಳದೇ ಕೇಳದೇ ಆ ಊರಿಗೆ ಎರಡು ಸಲ ಹೋಗಿ ಬಂದ. ಬಾವಿಯ ನೀರು ಕುಡಿದು ನೋಡಿದ. ಎತ್ತುಗಳ ಹಲ್ಲು ಎಣಿಸಿದ. ಹಿಟ್ಟಿನ ಗಿರಣಿಯ ಮುಂದೆ ನಿಂತು, ಅತ್ತೆಯಾಗುವ ಹಜರಾಬಿಯ ನಾಲಿಗೆ ಎಷ್ಟು ಉದ್ದ ಎಂದು ಹೆಂಗಸರ ಬಾಯಿಂದ ತಿಳಿದುಕೊಂಡ. ಕಾರೀಕುಂಟಿ ಎಂಬ ಹೆಸರು ಎಲ್ಲೋ ಕೇಳಿದ ಹಾಗಿದೆ ಎಂದೂ ಅನ್ನಿಸಿತು. ಆದರೆ ದಿನಕ್ಕೆ ಹತ್ತು ಊರಿನ ಹೆಸರು ಬರೆಯುವವನಿಗೆ ಎಲ್ಲ ಊರೂ ಕೇಳಿದ ಹಾಗೆಯೇ ಇರುತ್ತದೆ.

ಅರವತ್ತಮೂರರ ಮೊಹರಮ್ಮಿನ ಅಲಾಯಿ ಹಬ್ಬಕ್ಕೆ ಬಾನುಬಿ ತವರಿಗೆ ಬಂದಳು. ಐದು ತಿಂಗಳ ಬಸುರಿ. ಬಂದವಳೇ ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡಳು. ಸೀರೆಗಳನ್ನೆಲ್ಲ ಸೀಗೆಕಾಯಿಯಲ್ಲಿ ನೆನೆಹಾಕಿದಳು. ಊಟಕ್ಕೆ ಕೂತರೆ ನಾಲ್ಕು ತುತ್ತು, ಅಷ್ಟೇ. ಮಗಳ ಗಂಟು ಬಿಚ್ಚುವಾಗ ಗೈಬುಸಾಬನ ಮೂಗಿಗೆ ಏನೋ ಬಡಿಯಿತು. ಹಿಂದೆ ಎಲ್ಲೋ ಮೂಸಿದ ವಾಸನೆ.

"ಏನವ್ವಾ, ಅತ್ತಿ ಮನ್ಯಾಗ ಏನರ ತ್ರಾಸ ಐತೇನು?" ಎಂದು ಕೇಳಿದ.

"ಏನಿಲ್ಲಪ್ಪಾ. ಎಲ್ಲಾ ಛೊಲೋ ಅದಾರ" ಎಂದು ಬಾನುಬಿ ಮುಖ ತಿರುಗಿಸಿದಳು. ಹಬ್ಬ ಮುಗಿಯುವ ಮೊದಲೇ ಹೊರಟು ನಿಂತಳು.

ಅಂದಿನಿಂದ ಗೈಬುಸಾಬನಿಗೆ ನಿದ್ದೆ ಹತ್ತಲಿಲ್ಲ. ಏಳನೆಯ ತಿಂಗಳಿಗೆ ಕರೆದು ತಂದು ಚೊಚ್ಚಲ ಹೆರಿಗೆಯನ್ನು ತವರಿನಲ್ಲಿ ಮಾಡಿಸುವುದು ಪದ್ಧತಿ. ಕಳಿಸಿರಿ ಎಂದು ಕಾಗದ ಬರೆದರೆ, ಮುಂದಿನ ಸೋಮವಾರ ಎಂದು ಉತ್ತರ ಬಂತು. ಸೋಮವಾರ ಹೋಗಿ ಇನ್ನೊಂದು ಸೋಮವಾರ ಬಂತು. ಇದರೊಳಗೆ ಏನೋ ಇದೆ, ಬೀಗರು ಮುಚ್ಚಿಡುತ್ತಿದ್ದಾರೆ ಎಂದುಕೊಂಡು ಗೈಬುಸಾಬ ತಗಡಿನ ಪೆಟ್ಟಿಗೆ ಬಗಲಲ್ಲಿ ಹಿಡಿದು ಹೂವಿನ ಹಿಪ್ಪರಗಿಯ ಬಸ್ಸು ಹತ್ತಿದ.

ಕಾರೀಕುಂಟಿಯ ಹಳ್ಳ ದಾಟುವ ಮೊದಲೇ ಎಂಜಿನ್ನಿನ ಸದ್ದು ಕೇಳಿತು. ಆ ಸದ್ದನ್ನು ಅವನು ಐದು ವರ್ಷ ಕೇಳಿದ್ದ. ಗಾಯರಾಣದ ಮೇಲೆ ತಗಡಿನ ಚಪ್ಪರ, ಅದರ ಸುತ್ತ ಎಲುಬಿನ ಗುಡ್ಡ, ಗುಡ್ಡದ ಮೇಲೆ ಹದ್ದು. ಗಾಯರಾಣಕ್ಕೆ ಹತ್ತಿದಂತೆ ಊರ ಕೊನೆಯ ಮನೆ ಮೋದಿನಸಾಬನದು. ಅಂಗಳದಲ್ಲಿ ಬಾನುಬಿ ಏಳು ತಿಂಗಳ ಹೊಟ್ಟೆ ಹೊತ್ತು ಬಗ್ಗಿ, ನಾಯಿ ತಂದು ಹಾಕಿದ ಎಲುಬಿನ ಚೂರುಗಳನ್ನು ಕಸಬರಿಗೆಯಿಂದ ಮೊರಕ್ಕೆ ತಳ್ಳುತ್ತಿದ್ದಳು.

ಮೋದಿನಸಾಬ ಓಡಿ ಬಂದು ಕಾಲಿಗೆ ನೀರು ಕೊಟ್ಟ. ಒಳ್ಳೆಯ ಎತ್ತಿನಂಥ ಮನುಷ್ಯ, ಮಾತು ಕಡಿಮೆ.

"ಇದು ಯಾವಾಗ ಬಂತ್ರಿ ಬೀಗರ?" ಗೈಬುಸಾಬ ಗಿರಣಿಯ ಕಡೆ ಗದ್ದ ತಿರುಗಿಸಿದ.

"ವರ್ಷ ಆಗಾಕ ಬಂತ್ರಿ."

"ಯಾರ ತಂದ್ರು?"

"ಹೆಂಗೋ ಬಂತ್ರಿ." ಮೋದಿನಸಾಬ ನೆಲ ನೋಡಿದ. "ಒಳಗ ಬರ್ರಿ, ಚಾ ಕುಡೀರಿ."

ಹೆಂಗೋ ಬರಲು ಅದೇನು ಬಿರುಗಾಳಿಯೇ? ಗೈಬುಸಾಬ ಅರ್ಜಿ ಬರೆಯುವವನ ಕಣ್ಣಿನಿಂದ ಬೀಗರ ಮುಖ ಓದಿದ. ಅದರಲ್ಲಿ ಮುಚ್ಚಿಟ್ಟದ್ದು ಇತ್ತು. ಕಟ್ಟೆಯ ಹತ್ತಿರ ಹೋದರೆ ಅಲ್ಲಿದ್ದ ನಾಲ್ಕು ಮಂದಿ ಮಾತು ನಿಲ್ಲಿಸಿ, "ಬರ್ರಿ ಸಾಹೇಬ್ರ" ಎಂದು ಜಾಗ ಬಿಟ್ಟುಕೊಟ್ಟು, ಒಬ್ಬೊಬ್ಬರಾಗಿ ಎದ್ದು ಹೋದರು. ಮೋದಿನಸಾಬನೇ ಬಸಂತರಾಯನಿಂದ ಏನೋ ತಿಂದು ಇದನ್ನು ಊರ ಮೇಲೆ ಕರೆದಿದ್ದಾನೆ, ಊರಿಗೆಲ್ಲ ಗೊತ್ತಿದೆ, ಅವನ ಮಾನ ಹೋಗದಿರಲಿ ಎಂದು ನನ್ನೆದುರು ಬಾಯಿ ಮುಚ್ಚಿದ್ದಾರೆ ಎಂದು ಅವನು ತೀರ್ಮಾನ ಮಾಡಿದ. ಮಗಳನ್ನು ಕಳಿಸದಿರುವುದಕ್ಕೂ ಅದೇ ಕಾರಣ. ಮನೆಗೆ ಬಂದರೆ ಅವಳು ಹೇಳಿಬಿಡುತ್ತಾಳಲ್ಲ!

ಸೀದಾ ಗಿರಣಿಗೆ ನಡೆದ. ಬಸಂತರಾಯ ಖುರ್ಚಿಯಿಂದ ಎದ್ದು ಎರಡೂ ಕೈ ಜೋಡಿಸಿದ.

"ಬರ್ರಿ, ಬರ್ರಿ ಗೈಬುಸಾಹೇಬ್ರ. ನಿಮ್ಮ ಉಪಕಾರ ನಾ ಹೆಂಗ ತೀರಿಸ್ಲಿ? ಅಲ್ಲಿ ದಿನಾ ಜಗಳ ಇತ್ತು. ಇಲ್ಲಿ ಹೇಳಾವ್ರಿಲ್ಲ, ಕೇಳಾವ್ರಿಲ್ಲ."

"ಈ ಜಾಗಾ ನಿಮಗ ಯಾರ ತೋರಿಸಿದ್ರು?"

ಬಸಂತರಾಯ ನಕ್ಕ. "ಚಾಷ್ಟಿ ಮಾಡತೀರೇನ್ರಿ? ಕಾಗದದಾಗ ಐತೆಲ್ರಿ. ಬಾಗೇವಾಡ್ಯಾಗ ಹೋಗಿ ನೋಡ್ರಿ."

ಕಳ್ಳ ಬಾಯಿಬಿಟ್ಟು ಸಾಕ್ಷಿಯ ಜಾಗ ಹೇಳಿದ ಎಂದು ಗೈಬುಸಾಬನಿಗೆ ಒಳಗೊಳಗೇ ಖುಷಿಯಾಯಿತು. ಮೋದಿನಸಾಬನ ಹೆಬ್ಬೆಟ್ಟು ಆ ಕಾಗದದ ಮೇಲಿರುತ್ತದೆ. ಅದನ್ನು ತಂದು ಬೀಗರ ಮುಖಕ್ಕೆ ಹಿಡಿದು, ಮಗಳನ್ನು ಕರೆದುಕೊಂಡು ಹೋಗುವುದು. ಮರುದಿನ ಬೆಳಗಿನ ಬಸ್ಸಿಗೆ ಬಸವನ ಬಾಗೇವಾಡಿಗೆ ಹೋದ.

ಅಲ್ಲಿಯ ಕಚೇರಿಯಲ್ಲಿ ಕಾರಕೂನ ರೇವಣಪ್ಪ ಹಳೆಯ ಪರಿಚಯ. ಎಲುಬಿನ ಗಿರಣಿ ಅಂದ ಕೂಡಲೇ ಅವನು ಗೈಬುಸಾಬನ ಮುಖವನ್ನು ಒಂದು ಕ್ಷಣ ಹೆಚ್ಚಿಗೆ ನೋಡಿ, ಒಳಗೆ ಹೋಗಿ ಕಡತ ತಂದ. ಮೇಲೆ ಬಸಂತರಾಯನ ಅರ್ಜಿ. ಈ ಗಾಯರಾಣವನ್ನು ತಾನಾಗಿ ಕೇಳುತ್ತಿಲ್ಲವೆಂದೂ, ಗಿರಣಿಗೆ ತಕರಾರು ಮಾಡಿದವರೇ ಯೋಗ್ಯ ಜಾಗವೆಂದು ಇದನ್ನು ಸೂಚಿಸಿದ್ದಾರೆಂದೂ ಬರೆದಿದ್ದ. ಸಾಕ್ಷಿಗೆ ಅವರ ಅರ್ಜಿಯನ್ನೇ ಜೋಡಿಸಲಾಗಿದೆ ಎಂದಿತ್ತು.

ಗೈಬುಸಾಬ ಹಾಳೆ ತಿರುವಿದ. ಉದ್ದ ಕೊಂಬಿನ, ಬಲಕ್ಕೆ ವಾಲಿದ ಅಕ್ಷರ. ಅವನದೇ ಅಕ್ಷರ. "ಬಾಗೇವಾಡಿ ತಾಲೂಕಾ ಕಾರೀಕುಂಟಿ ಗ್ರಾಮದ ಗಾಯರಾಣವು ಹುಲ್ಲು ಹುಟ್ಟದ, ನರಮನುಷ್ಯರು ಸುಳಿಯದ…"

ಮುಂದೆ ಓದಲಾಗಲಿಲ್ಲ. ಇದು ನಕಲಿ ಇರಬೇಕು, ಯಾರೋ ನನ್ನ ಕೈಯನ್ನು ತಿದ್ದಿದ್ದಾರೆ ಎಂದು ಹಾಳೆಯನ್ನು ಬೆಳಕಿಗೆ ಹಿಡಿದ. ಹಾಗಲ್ಲವೆಂದು ಗೊತ್ತಿತ್ತು, ಆದರೂ ಹಿಡಿದ. ಪೆಟ್ಟಿಗೆ ತೆರೆದು ಕರಡು ಹುಡುಕಿದ. ಕರಡೂ ಸಿಕ್ಕಿತು, ಅದರಲ್ಲೂ ಅದೇ ಸಾಲು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಊರವರ ಎಲೆಯ ನೊಣ ಎಣಿಸುತ್ತಾ ಬದುಕಿದವನು ಅವನು. ಲೋಕದಲ್ಲಿ ಒಬ್ಬನನ್ನು ಮಾತ್ರ ಸಂಶಯಪಡದೆ ಬಿಟ್ಟಿದ್ದ, ಅವನೇ ಸಿಕ್ಕಿಬಿದ್ದಿದ್ದ. ರೇವಣಪ್ಪ ನೀರು ತರಿಸಿಕೊಟ್ಟ. ಗೈಬುಸಾಬ ಲೋಟದ ತಳ ನೋಡದೆ ಕುಡಿದ.

ಸಂಜೆಗೆ ಕಾರೀಕುಂಟಿಗೆ ಮರಳಿದಾಗ ಮೋದಿನಸಾಬ ಎತ್ತುಗಳಿಗೆ ಕಣಿಕೆ ಹಾಕುತ್ತಿದ್ದ. ಗೈಬುಸಾಬ ಅವನ ಮುಂದೆ ನಿಂತು, "ನಿಮಗ ಗೊತ್ತಿತ್ತಲ್ರಿ?" ಎಂದ.

ಮೋದಿನಸಾಬ ಕೈಯಲ್ಲಿದ್ದ ಕಣಿಕೆಯನ್ನು ಎತ್ತಿನ ಮುಂದೆ ಇಟ್ಟು ಕೈ ಝಾಡಿಸಿಕೊಂಡ. "ತಲಾಠಿ ನಿಮ್ಮ ಅರ್ಜಿ ಚಾವಡ್ಯಾಗ ಓದಿ ಹೇಳಿದ್ನ್ರಿ. ಬರದಾವ್ರ ಹೆಸರ ಕೇಳಿದ ಮಂದಿ ನನ್ನ ಮಾರಿ ನೋಡಿತು. ಬೀಗರಿಗೆ ಯಾರೂ ಹೇಳಬ್ಯಾಡ್ರಿ ಅಂತ ನಾನ ಕೈ ಮುಗದ್ನಿ."

"ಯಾಕ್ರಿ? ನನ್ನ ಮಾರಿಗಿ ಉಗಳಬೇಕಿತ್ತಲ್ಲ?"

"ಹೆಣ್ಣು ಕೊಟ್ಟ ಮನಶ್ಯಾರು. ನಮ್ಮ ಮನಿ ಮುಂದ ಕೆಡವಬೇಕಂತ ಬರದೀರೇನ್ರಿ? ಬರ್ಯೂವಾಗ ಈ ಮನಿ ನಿಮಗ ಗೊತ್ತರ ಇತ್ತೇನು?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಬೀಗರ ಈ ಒಳ್ಳೆಯತನ ಅವನಿಗೆ ತಡೆಯಲಾಗಲಿಲ್ಲ. ಈ ಮನುಷ್ಯನನ್ನು ಎರಡು ದಿನ ಕಳ್ಳನೆಂದು ತಿಳಿದು ಅವನ ಮನೆಯ ರೊಟ್ಟಿ ತಿಂದೆನಲ್ಲ ಎಂದು ನಾಚಿಕೆಯಿಂದ ಮೈ ಹಿಡಿಯಾಯಿತು. ಒಳಗೆ ಹೋಗಿ ಮಗಳಿಗೆ, "ಗಂಟು ಕಟ್ಟವ್ವಾ. ನಾಳೆ ಮುಂಜಾನಿ ಮೋಟರಿಗೆ ಹೋಗೂಣು. ಇಲ್ಲಿ ನೀ ಇರಬ್ಯಾಡ" ಎಂದ.

"ನಾ ಬರೂದಿಲ್ಲಪ್ಪಾ" ಎಂದಳು ಬಾನುಬಿ.

"ಯಾಕ, ಅವರು ಕಳಸೂದಿಲ್ಲ ಅಂತಾರೇನು?"

"ಅವರು ಮೂರ ಸಲ ಗಾಡಿ ಹೂಡಿದ್ರು. ನಾನ ಒಲ್ಲೆ ಅಂದೆ." ಬಾನುಬಿ ಗೋಡೆಗೆ ಬೆನ್ನು ಕೊಟ್ಟು ನಿಧಾನವಾಗಿ ಕೂತಳು. "ಈ ಓಣ್ಯಾಗ ಇನ್ನೂ ಮೂರ ಮಂದಿ ಬಸರಿ ಅದಾರ. ಅವರೊಳಗ ದುರ್ಗವ್ವನ ತವರು ಇದ ಊರು, ಆಕಿ ಎಲ್ಲಿ ಹೋಗಬೇಕು? ಬರದಾಂವ ತನ್ನ ಮಗಳನ್ನ ಮಾತ್ರ ಕರಕೊಂಡು ಹ್ವಾದ ಅಂದ್ರ ನಾ ತಿರುಗಿ ಬಂದು ಯಾವ ಮಾರಿಲೆ ಬಾವಿಗಿ ನೀರಿಗಿ ಹೋಗ್ಲಿ? ನೀ ತಂದಿದ್ದನ್ನ ನೀನ ಕಳಸು. ಆಮ್ಯಾಲ ಬರ್ತೇನಿ."

ಮರುದಿನ ಬೆಳಿಗ್ಗೆ ಗೈಬುಸಾಬ ಪೆಟ್ಟಿಗೆಯನ್ನು ಚಾವಡಿಯ ಕಟ್ಟೆಗೆ ಒಯ್ದ. ಅರ್ಧ ಊರು ಸುತ್ತ ಕೂತಿತು. ಬಾನುಬಿಯೂ ಬಂದು ಹೆಂಗಸರ ನಡುವೆ ನಿಂತಳು. ಗೋಳು ಬರೆಯುವಾಗ ಅವನು ಈ ಸಲ ಒಂದು ಮಾತನ್ನೂ ಹೆಚ್ಚಿಗೆ ಹಾಕಲಿಲ್ಲ, ಹಾಕುವ ಅಗತ್ಯವೇ ಬೀಳಲಿಲ್ಲ. ಕಾಯ್ದೆ ಅವನಿಗೆ ಬಾಯಿಪಾಠ. ಮೂರನೆಯ ಭಾಗಕ್ಕೆ ಬಂದು ಲೇಖನಿಯನ್ನು ಮಸಿಯಲ್ಲಿ ಅದ್ದಿ, "ಹೇಳ್ರಿ. ಎಲ್ಲಿಗಿ ಹೋಗಲಿ?" ಎಂದ.

"ಮುಳವಾಡದ ಕಡೆ ಬೇಕಾದಷ್ಟ ಬರಡ ಐತ್ರಿ" ಎಂದ ಸಂಗಣ್ಣ ಎಂಬ ಕುರಿಗಾರ.

"ಅಲ್ಲಿ ನಮ್ಮ ಅಕ್ಕನ್ನ ಕೊಟ್ಟೇವ್ರಿ" ಎಂದಿತು ಹಿಂದಿನಿಂದ ಒಂದು ದನಿ.

"ಹಂಗಾರ ದೇವರ ಹಿಪ್ಪರಗಿ ಕಡೆ ಬರೀರಿ."

"ನನ್ನ ಮಗಳು ಅಲ್ಲೇ ಅದಾಳ್ರಿ" ಎಂದಳು ಮುದುಕಿ ಕಾಶಿಬಾಯಿ.

ಒಬ್ಬ ಸಿಂದಗಿಯ ಕಡೆಯ ಹಳ್ಳಿ ಹೇಳಿದ, ಇನ್ನೊಬ್ಬ ಇಂಡಿಯ ಕಡೆಯದನ್ನು. ಇಂಡಿಯ ಕಡೆ ಯಾರಿಗೂ ನೆಂಟರಿಲ್ಲ ಎಂದು ತಿಳಿದು ಎಲ್ಲರೂ ಹಗುರಾದರು. ಅದನ್ನೇ ಬರೆಯಿರಿ, ಅದನ್ನೇ ಬರೆಯಿರಿ ಎಂಬ ಗಲಾಟೆ ಎದ್ದಿತು. ಗೈಬುಸಾಬ ಲೇಖನಿಯನ್ನು ಕಾಗದಕ್ಕೆ ಇಳಿಸಿದ.

"ಅಪ್ಪಾ" ಎಂದಳು ಬಾನುಬಿ. ಗಲಾಟೆ ನಿಂತಿತು. "ಆ ಊರಿನ ಗಾಯರಾಣದ ಬಾಜೂಕ ಯಾರ ಮನಿ ಐತಿ, ಆ ಮನಿಗಿ ಯಾರ ಮಗಳನ್ನ ಕೊಟ್ಟಾರ, ಕೇಳಿ ಬರಿ."

ಲೇಖನಿಯ ತುದಿಯಿಂದ ಮಸಿ ಒಂದು ಹನಿ ಬಿದ್ದು ಕಾಗದದ ಮೇಲೆ ಹರಡಿತು. ಗೈಬುಸಾಬ ಇನ್ನೊಂದು ಹಾಳೆ ತೆಗೆದುಕೊಂಡ. ಬಿಸಿಲು ಏರುವ ತನಕ ಕೂತು, ಕೊನೆಗೆ, ಗಿರಣಿ ಎಲ್ಲಿಗೂ ಹೋಗುವುದು ಬೇಡ, ಇಲ್ಲಿಯೇ ಅದಕ್ಕೆ ಸುತ್ತು ಗೋಡೆ ಕಟ್ಟಿಸಬೇಕು, ಎಲುಬನ್ನು ಬಯಲಿಗೆ ಹಾಕದೆ ಮಾಡಿನ ಕೆಳಗೆ ಇಡಿಸಬೇಕು, ತೊಳೆದ ನೀರು ಹಳ್ಳಕ್ಕೆ ಹೋಗದಂತೆ ಹೊಂಡ ತೋಡಿಸಬೇಕು ಎಂದು ಬರೆದ. ಜನಕ್ಕೆ ಇದು ಅಷ್ಟು ರುಚಿಸಲಿಲ್ಲ. ಓಡಿಸುವುದರ ಸುಖವೇ ಬೇರೆ. ಆದರೂ ಒಬ್ಬೊಬ್ಬರಾಗಿ ಬಂದು ಹೆಬ್ಬೆಟ್ಟು ಒತ್ತಿದರು. ಮೋದಿನಸಾಬ ಎಲ್ಲರಿಗಿಂತ ಮೊದಲು ಒತ್ತಿದ.

ಈ ಅರ್ಜಿ ಗೆಲ್ಲುತ್ತದೆ ಎಂಬ ನಂಬಿಕೆ ಗೈಬುಸಾಬನಿಗೆ ಎಳ್ಳಷ್ಟೂ ಇರಲಿಲ್ಲ. ಗೋಡೆ ಕಟ್ಟಿಸುವುದಕ್ಕಿಂತ ಊರು ಬದಲಿಸುವುದು ಬಸಂತರಾಯನಿಗೆ ಅಗ್ಗ, ಸಾಹೇಬರಿಗೆ ಸುಲಭ. ಗೆದ್ದರೂ ಗೋಡೆ ಏಳುವುದಕ್ಕೆ ವರ್ಷ ಬೇಕು, ಬಾನುಬಿಗೆ ಉಳಿದಿದ್ದು ಎರಡು ತಿಂಗಳು. ಅವನು ಎಂಜಿನ್ನಿನ ಸದ್ದು ಕೇಳುತ್ತಾ ಮಗಳ ಊದಿದ ಕಾಲುಗಳನ್ನು ನೋಡಿದ. ಆಮೇಲೆ ಮುದ್ದೇಬಿಹಾಳಕ್ಕೆ ಸಂತೆಗೆ ಹೊರಟಿದ್ದ ಸಂಗಣ್ಣನನ್ನು ಕರೆದು, ಜೀವಮಾನದಲ್ಲಿ ಮೊದಲ ಸಲ ಕಾಗದದಲ್ಲಿ ಬರೆಯದೆ, ಬಾಯಿಮಾತಿನಲ್ಲಿ ಒಂದು ಸುದ್ದಿಯನ್ನು ಇನ್ನೊಬ್ಬರ ಕೈಗೆ ಒಪ್ಪಿಸಿದ.

"ನಮ್ಮ ಮನಿಯಾಕಿಗಿ ಹೇಳಪ್ಪಾ. ಮಗಳು ಬರೂದಿಲ್ಲ. ಬಾಣಂತನದ ಸಾಮಾನೆಲ್ಲಾ ಕಟಕೊಂಡು ನೀನ ಇಲ್ಲಿಗಿ ಬಾ ಅಂತ ಹೇಳು. ನಾನೂ ಇಲ್ಲೇ ಇರ್ತೇನಿ ಅನ್ನು."